ಜಯಮ್ಮನ ಹನ್ನೆರಡು ಕೆಜಿ

ಕೋವಿಡ್ ಗಲಾಟೆ ಅಡಗಿ ಎರಡು ವರ್ಷವಾಗಿತ್ತು. ನಾನಾಗ ರಾಜಾಜಿನಗರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹಿರಿಯ ಡಯಟೀಶಿಯನ್. ನಿವೃತ್ತಿಗೆ ಇನ್ನು ಎರಡು ವರ್ಷವಷ್ಟೇ ಉಳಿದಿತ್ತು. ನೆಲಮಹಡಿಯಲ್ಲಿ ಎಕ್ಸ್‌ರೇ ವಿಭಾಗದ ಪಕ್ಕ ನನ್ನ ರೂಮು. ಅದರಲ್ಲಿ ಒಂದು ಮೇಜು, ಮೂರು ಕುರ್ಚಿ, ಒಂದು ತೂಕದ ಯಂತ್ರ. ತೂಕ ಇಳಿಸುತ್ತೇನೆಂದು ಬಂದು ಸುಳ್ಳು ಹೇಳುವವರನ್ನು ಇಪ್ಪತ್ತೆಂಟು ವರ್ಷ ನೋಡಿದ್ದೆ. ನನ್ನ ಬಾಯಿ ಜೋರು. ಅದನ್ನು ನಾನೆಂದೂ ಮುಚ್ಚಿಟ್ಟವಳಲ್ಲ. "ಬರೀ ನೀರು ಕುಡಿದ್ರೂ ದಪ್ಪ ಆಗ್ತೀನಿ ಮೇಡಂ" ಎಂದವರಿಗೆ "ನೀರಿನ ಜೊತೆ ನೆಂಚ್ಕೊಳೋಕೆ ಏನು ಇಟ್ಕೊಂಡಿರ್ತೀರಿ?" ಎಂದು ಕೇಳುತ್ತಿದ್ದೆ. ಕೆಲವರು ಅಳುತ್ತಿದ್ದರು. ಅಳಿಸಿದರೇ ತೂಕ ಇಳಿಯುವುದು ಎಂದು ನಾನು ನಂಬಿದ್ದೆ. ನರ್ಸುಗಳು ನನಗೆ ಮಿಲಿಟರಿ ಮೇಡಂ ಎಂದು ಹೆಸರಿಟ್ಟಿದ್ದರು. ಅದು ಕಿವಿಗೆ ಬಿದ್ದಾಗ ನನಗೆ ಹೆಮ್ಮೆಯೇ ಆಗಿತ್ತು.

ಜಯಮ್ಮನನ್ನು ನನ್ನ ಬಳಿ ಕಳಿಸಿದ್ದು ನಮ್ಮ ಕಿಡ್ನಿ ವಿಭಾಗದ ಡಾಕ್ಟರು. ಆಕೆಗೆ ನಲವತ್ತಾರು ವರ್ಷ. ಹಳೇ ಕೆಂಗೇರಿಯ ಒಕ್ಕಲು ಮನೆತನ. ಹೊಲವಿದ್ದ ಕಡೆ ಈಗ ಬಾಡಿಗೆ ಮನೆಗಳೆದ್ದಿವೆ. ಗಂಡನ ಮನೆ ಬಿಟ್ಟು ಬಂದು ಇಪ್ಪತ್ತು ವರ್ಷದಿಂದ ತಮ್ಮ ನಾಗರಾಜನ ಮನೆಯಲ್ಲೇ ಇದ್ದಳು. ಕಾಮಾಕ್ಷಿಪಾಳ್ಯದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ ಆ ನಾಗರಾಜನ ಎರಡೂ ಕಿಡ್ನಿ ಕೆಟ್ಟಿದ್ದವು. ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ ಡಯಾಲಿಸಿಸ್. ಅಂದರೆ ರಕ್ತವನ್ನು ಯಂತ್ರಕ್ಕೆ ಹರಿಸಿ, ಶುದ್ಧ ಮಾಡಿ, ಮತ್ತೆ ಮೈಗೆ ಹರಿಸುವುದು. ಹೆಂಡತಿ ಲತಾಳ ಕಿಡ್ನಿ ಹೊಂದಲಿಲ್ಲ. ಅಕ್ಕನದು ಹೊಂದಿತು. ಆದರೆ ಅಕ್ಕನ ತೂಕ ಎಂಬತ್ತೊಂದು ಕೆಜಿ.

ಇಲ್ಲಿ ಸ್ವಲ್ಪ ಲೆಕ್ಕ ಹೇಳಬೇಕು. ಎತ್ತರಕ್ಕೆ ತಕ್ಕ ತೂಕವಿದೆಯೇ ಎಂದು ನೋಡುವ ಅಳತೆಗೆ ಬಿಎಂಐ ಎನ್ನುತ್ತಾರೆ. ಕಿಡ್ನಿ ಕೊಡುವವರ ಬಿಎಂಐ ಮೂವತ್ತರ ಒಳಗಿರಬೇಕು ಎಂಬುದು ನಮ್ಮ ಕಸಿ ತಂಡ ಇಟ್ಟುಕೊಂಡಿದ್ದ ನಿಯಮ. ಜಯಮ್ಮನದು ಮೂವತ್ತೈದು. ಆಕೆಯ ಎತ್ತರಕ್ಕೆ ಅದು ಮೂವತ್ತರ ಒಳಗೆ ಬರಬೇಕಾದರೆ ತೂಕ ಅರವತ್ತೊಂಬತ್ತಕ್ಕೆ ಬರಬೇಕಿತ್ತು. ಹನ್ನೆರಡು ಕೆಜಿ ಇಳಿಸಬೇಕು. "ಆರು ತಿಂಗಳಲ್ಲಿ ಮಾಡ್ಸಿ. ಅದಕ್ಕಿಂತ ಜಾಸ್ತಿ ಅವನ ಹಾರ್ಟ್ ತಡ್ಕೊಳ್ಳುತ್ತೆ ಅಂತ ನನಗನ್ನಿಸ್ತಿಲ್ಲ" ಎಂದರು ಡಾಕ್ಟರು.

ಮೊದಲ ದಿನ ಜಯಮ್ಮ ಲತಾಳ ಜೊತೆ ಬಂದಳು. ನಾನು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಿದ್ದು ಲತಾ. ಬೆಳಿಗ್ಗೆ ಏನು ತಿನ್ನುತ್ತಾರೆ, ಮುದ್ದೆ ಎಷ್ಟು ದೊಡ್ಡದು, ಹಸಿವು ಹೇಗೆ, ನಿದ್ದೆ ಹೇಗೆ, ಎಲ್ಲವನ್ನೂ ಅವಳೇ ಹೇಳಿದಳು. "ನಮ್ಮತ್ತಿಗೆ ಪಾಪ, ಕೇಳೋಕ್ ಮುಂಚೆನೇ ಒಪ್ಕೊಂಡ್ರು ಮೇಡಂ. ಇಂಥ ಅಕ್ಕ ಯಾರಿಗ್ ಸಿಗ್ತಾರೆ?" ಎಂದಳು. ಜಯಮ್ಮ ಸೆರಗಿನ ಅಂಚು ತಿರುವುತ್ತ ಕೂತಿದ್ದಳು. ಮನೆಯವರ ಬೆಂಬಲ ಇಷ್ಟಿದ್ದರೆ ನನ್ನ ಕೆಲಸ ಅರ್ಧ ಮುಗಿಯಿತು ಎಂದು ನಾನು ಖುಷಿಪಟ್ಟೆ.

ಊಟದ ಪಟ್ಟಿ ಬರೆದುಕೊಟ್ಟೆ. ಕಿತ್ತಳೆ ಹಣ್ಣಿನ ಗಾತ್ರದ ಒಂದು ಮುದ್ದೆ, ಸೊಪ್ಪಿನ ಸಾರು, ದಿನಕ್ಕೆ ಎರಡೇ ಚಮಚ ಎಣ್ಣೆ, ಬೆಳಿಗ್ಗೆ ನಲವತ್ತೈದು ನಿಮಿಷ ವಾಕಿಂಗ್. ತಿಂದದ್ದನ್ನೆಲ್ಲ ಒಂದು ಡೈರಿಯಲ್ಲಿ ಬರೆಯಬೇಕು, ಪ್ರತಿ ಶನಿವಾರ ಬಂದು ತೂಕ ನೋಡಿಸಿಕೊಳ್ಳಬೇಕು. ಆಮೇಲೆ ಲತಾಳಿಗೆ ನನ್ನ ಸ್ವಂತ ಉಪಾಯವೊಂದನ್ನು ಹೇಳಿಕೊಟ್ಟೆ. ನಾಗರಾಜ ಕೈಗೆ ಟ್ಯೂಬು ಚುಚ್ಚಿಸಿಕೊಂಡು ಡಯಾಲಿಸಿಸ್ ಹಾಸಿಗೆಯ ಮೇಲೆ ಮಲಗಿರುವ ಫೋಟೋ ತೆಗೆದು ಫ್ರಿಜ್ ಬಾಗಿಲಿಗೆ ಅಂಟಿಸು ಎಂದೆ. ಬಾಗಿಲು ತೆಗೆಯಲು ಹೋದಾಗಲೆಲ್ಲ ತಮ್ಮನ ಮುಖ ಕಾಣಲಿ ಎಂಬುದು ನನ್ನ ಲೆಕ್ಕ. ಲತಾ ಮರುದಿನವೇ ಅಂಟಿಸಿದಳು.

ಮೊದಲ ಎರಡು ವಾರದಲ್ಲಿ ಎರಡು ಕೆಜಿ ಇಳಿಯಿತು. ಮೂರನೇ ವಾರದಿಂದ ಮುಳ್ಳು ಮೇಲೆ ಹೋಗತೊಡಗಿತು. ಎರಡು ತಿಂಗಳಾಗುವಷ್ಟರಲ್ಲಿ ಇಳಿದ ಎರಡೂ ಕೆಜಿ ವಾಪಸ್ಸು ಬಂದು ಆಕೆ ಮತ್ತೆ ಎಂಬತ್ತೊಂದಕ್ಕೆ ನಿಂತಳು. ಡೈರಿ ನೋಡಿದರೆ ಅಚ್ಚುಕಟ್ಟು. ಮುದ್ದೆ ಒಂದು, ಸಾರು, ಮಜ್ಜಿಗೆ. ಥೈರಾಯ್ಡ್ ಪರೀಕ್ಷೆ ಮಾಡಿಸಿದೆ. ಅದರಲ್ಲೂ ದೋಷವಿರಲಿಲ್ಲ. "ಎಣ್ಣೆ ಡಬ್ಬಾನ ನಮ್ಮ ರೂಮಲ್ಲಿಟ್ಟು ಬೀಗ ಹಾಕಿದೀನಿ ಮೇಡಂ. ಇನ್ನೇನ್ ಮಾಡ್ಲಿ?" ಎಂದು ಲತಾ ಕಣ್ಣೊರೆಸಿಕೊಂಡಳು. ನನಗೆ ಮೈಯೆಲ್ಲ ಉರಿಯಿತು. ಹೊರಗೆ ನಾಲ್ಕು ಜನ ಕೂತಿದ್ದರು, ಬಾಗಿಲು ತೆರೆದೇ ಇತ್ತು. ಅವರಿಗೂ ಕೇಳಿಸಲಿ ಎಂದೇ ಬೈದೆ: "ನಿಮ್ಮ ತಮ್ಮ ಮೇಲ್ಗಡೆ ಮೆಷಿನ್‌ಗೆ ಕೈ ಕೊಟ್ಟು ಮಲಗಿದಾನೆ, ನೀವಿಲ್ಲಿ ತಿಂದು ತೇಗಿ ಬಂದು ಈ ಮೆಷಿನ್ ಮೇಲೆ ನಿಂತ್ಕೊಂತೀರ. ಮನುಷ್ಯರೇನ್ರೀ ನೀವು?"

ಜಯಮ್ಮ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಳು.

ಮುಂದಿನ ವಾರ ಒಂದು ಬೆಳಿಗ್ಗೆ ನಾನು ಕೆಲಸಕ್ಕೆ ಹೊರಟಿದ್ದೆ. ನನ್ನ ಮನೆ ಅತ್ತಿಗುಪ್ಪೆಯಲ್ಲಿ. ಮೆಟ್ರೋ ಸ್ಟೇಷನ್ನಿನ ಹತ್ತಿರ ಒಂದು ದರ್ಶಿನಿ ಇದೆ. ಕಾಫಿ ಕುಡಿದು ಹೋಗೋಣವೆಂದು ಒಳಗೆ ಕಾಲಿಟ್ಟರೆ, ಮೂಲೆಯ ಮೇಜಿನ ಹತ್ತಿರ ಜಯಮ್ಮ ನಿಂತಿದ್ದಳು. ಮುಂದೆ ಮಸಾಲೆ ದೋಸೆ, ಪಕ್ಕದಲ್ಲಿ ಎರಡು ವಡೆ, ಒಂದು ಕೇಸರಿಭಾತು. ವಾಕಿಂಗ್ ಎಂದು ಮನೆಯಲ್ಲಿ ಹೇಳಿ, ಕೆಂಗೇರಿಯಿಂದ ಮೆಟ್ರೋ ಹತ್ತಿ, ಗುರುತಿನವರ ಕಣ್ಣಿಗೆ ಬೀಳದಷ್ಟು ದೂರ ಬಂದಿದ್ದಳು. ಸಿಕ್ಕಿಬಿದ್ದಳಲ್ಲ ಎಂದು ನನಗೆ ಸಂತೋಷವಾಯಿತು. ನಿಜ ಹೇಳುತ್ತೇನೆ, ಸಂತೋಷವೇ ಆಯಿತು. ಹತ್ತಿರ ಹೋಗುವಾಗ ಮಾತ್ರ ಒಂದು ವಿಷಯ ಕಣ್ಣಿಗೆ ಬಿತ್ತು. ಆಸೆಯಿಂದ ತಿನ್ನುವವರು ಹಾಗೆ ತಿನ್ನುವುದಿಲ್ಲ. ಆಕೆ ಕಹಿ ಮಾತ್ರೆ ನುಂಗುವವರ ಹಾಗೆ ಕಣ್ಣು ಮುಚ್ಚಿ ನುಂಗುತ್ತಿದ್ದಳು, ಪ್ರತಿ ತುತ್ತಿಗೂ ನೀರು ಕುಡಿಯುತ್ತಿದ್ದಳು.

"ನಾಚಿಕೆ ಆಗಲ್ವೇನ್ರೀ ನಿಮಗೆ?" ಎಂದೆ.

ಆಕೆ ಬೆಚ್ಚಲಿಲ್ಲ. "ಹಸಿವಿಲ್ಲ ಮೇಡಂ. ವಾಂತಿ ಬರೋ ಹಾಗಾಗ್ತಿದೆ."

"ಮತ್ಯಾಕ್ ತಿಂತಿದೀರ?"

"ಎಪ್ಪತ್ತರ ಮೇಲಿರೋ ತನಕ ನನ್ನ ಯಾರೂ ಕುಯ್ಯಲ್ಲ."

ಆಕೆಯೇ ಮುಂದುವರಿಸಿದಳು. ಅಷ್ಟು ಮಾತು ಆಕೆಯ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. "ಗಂಡನ್ನ ಬಿಟ್ಟು ಬಂದೆ, ಇಟ್ಕೊಂಡ್ರು. ಅಪ್ಪನ ಜಾಗದಲ್ಲಿ ಪಾಲು ಬೇಡ ಅಂತ ಸೈನ್ ಹಾಕು ಅಂದ್ರು, ಹಾಕ್ದೆ. ಇದನ್ನ ಕೊಡ್ತೀಯಾ ಅಂತ ಯಾರೂ ಕೇಳೇ ಇಲ್ಲ ಮೇಡಂ. ಬ್ಲಡ್ ಟೆಸ್ಟು ಅಂತ ಕರ್ಕೊಂಡ್ ಬಂದ್ರು. ಮ್ಯಾಚ್ ಆಯ್ತು ಅಂತ ಬೀದಿಗೆಲ್ಲ ಸ್ವೀಟ್ ಹಂಚಿದ್ರು. ನಂಗೆ ಭಯ. ತಮ್ಮ ಅಂದ್ರೆ ಪ್ರಾಣಾನೇ, ಆದ್ರೂ ಭಯ. ಬೇಡ ಅಂದ್ಬಿಟ್ರೆ ಆ ಮನೇಲಿ ಹೆಂಗಿರ್ಲಿ? ಎಲ್ಲಿಗೋಗ್ಲಿ?"

ನಮ್ಮ ವೃತ್ತಿಯ ಒಂದು ಪದ್ಧತಿಯನ್ನು ಓದುಗರು ಇಲ್ಲಿ ತಿಳಿಯಬೇಕು. ಅಂಗ ಕೊಡುವವರಿಗೆ ಮನಸ್ಸಿಲ್ಲವೆಂದು ಗೊತ್ತಾದರೆ ತಂಡದವರು ಅವರ ಗುಟ್ಟು ಬಿಟ್ಟುಕೊಡುವುದಿಲ್ಲ. "ಪರೀಕ್ಷೆಯಲ್ಲಿ ಇವರದು ಸರಿಹೊಂದಲಿಲ್ಲ" ಎಂದಷ್ಟೇ ಮನೆಯವರಿಗೆ ಹೇಳಿ ಕೈಬಿಡುತ್ತಾರೆ. ಯಾರ ಮೇಲೂ ತಪ್ಪು ಬರುವುದಿಲ್ಲ. ಇದು ಜಯಮ್ಮನಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಕಿಡ್ನಿ ಡಾಕ್ಟರಿಗೆ ನಾನು ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು. ಕಡೆಗೆ ಆಕೆಗಾದರೂ ಆ ದಾರಿ ಇದೆ ಎಂದು ತಿಳಿಸಬಹುದಿತ್ತು. ನಾನು ಎರಡನ್ನೂ ಮಾಡಲಿಲ್ಲ. ನಲವತ್ತೊಂದು ವರ್ಷದ ನಾಗರಾಜ ನೆನಪಾದ ಎಂದು ಈಗ ಹೇಳಿಕೊಳ್ಳಬಹುದು. ಅದೂ ಇತ್ತು. ಅದಕ್ಕಿಂತ ಹೆಚ್ಚಾಗಿ, ಎರಡು ತಿಂಗಳು ಈ ಹೆಂಗಸು ನನ್ನ ಕಣ್ಣಿಗೆ ಮಣ್ಣೆರಚಿದಳಲ್ಲ ಎಂಬ ಸಿಟ್ಟು ನೆತ್ತಿಗೇರಿತ್ತು.

"ಆಯ್ತು, ತಿನ್ನಿ" ಎಂದೆ. "ಹೊಟ್ಟೆ ತುಂಬ ತಿನ್ನಿ. ಅವನ ತಿಥಿ ಊಟಾನೂ ಮೊದಲನೇ ಪಂಕ್ತೀಲಿ ಕೂತು ನೀವೇ ತಿನ್ನಿ."

ಜಯಮ್ಮ ತಟ್ಟೆಯನ್ನು ಹಾಗೇ ಎತ್ತಿ ಎಂಜಲು ತೊಟ್ಟಿಗೆ ಹಾಕಿದಳು, ಕೈ ತೊಳೆದಳು. "ಆಯ್ತು ಮೇಡಂ" ಎಂದು ಹೇಳಿ ಮೆಟ್ರೋ ಕಡೆ ನಡೆದಳು. ನಾನು ಕಾಫಿ ಕುಡಿದು ಡ್ಯೂಟಿಗೆ ಹೋದೆ.

ಅಲ್ಲಿಂದಾಚೆ ಒಂದು ವಾರವೂ ತಪ್ಪದೆ ತೂಕ ಇಳಿಯಿತು. ಎಪ್ಪತ್ತೆಂಟು, ಎಪ್ಪತ್ತೈದು, ಎಪ್ಪತ್ತೆರಡು. ನಾನು ಬರೆದುಕೊಟ್ಟಿದ್ದಕ್ಕಿಂತ ಕಡಿಮೆ ತಿನ್ನುತ್ತಿದ್ದಳು ಎಂದು ನೋಡಿದರೇ ಗೊತ್ತಾಗುತ್ತಿತ್ತು. ಕೆನ್ನೆ ಒಳಗೆ ಹೋಗಿತ್ತು, ರವಿಕೆ ತೋಳು ಜೋತುಬಿದ್ದಿತ್ತು. ದರ್ಶಿನಿಯ ವಿಷಯ ಯಾರಿಗೂ ಹೇಳದೆ ದೊಡ್ಡ ಉಪಕಾರ ಮಾಡಿದ್ದೇನೆ ಎಂದು ನಾನು ಬೀಗುತ್ತಿದ್ದೆ. ಬೇರೆ ಪೇಷೆಂಟುಗಳು ಬಂದಾಗ ಆಕೆಯನ್ನು ತೋರಿಸಿ "ಮೋಟಿವೇಶನ್ ಅಂದ್ರೆ ಇದು, ನೋಡಿ ಕಲೀರಿ" ಎನ್ನುತ್ತಿದ್ದೆ. ಜಯಮ್ಮ ಆಗ ಗೋಡೆಯ ಮೇಲಿನ ಹಣ್ಣು ತರಕಾರಿ ಚಾರ್ಟು ನೋಡುತ್ತ ನಿಂತಿರುತ್ತಿದ್ದಳು.

ಆರನೇ ತಿಂಗಳ ಕೊನೆಗೆ ಯಂತ್ರ ಅರವತ್ತೊಂಬತ್ತು ತೋರಿಸಿತು. ಲತಾ ನನ್ನ ಕಾಲಿಗೆ ಬೀಳಲು ಬಂದಳು.

ಆಪರೇಷನ್ನಿಗೆ ಮುಂಚೆ ದಾನಿಯನ್ನು ಒಬ್ಬರನ್ನೇ ಕೂರಿಸಿ, ಕ್ಯಾಮೆರಾ ಇಟ್ಟು, ಬಲವಂತವೇನಾದರೂ ಇದೆಯೇ ಎಂದು ಕೇಳಬೇಕೆಂಬ ನಿಯಮವಿದೆ. ಅದಕ್ಕೆ ಹೋಗುವಾಗ ಜಯಮ್ಮ ನನ್ನ ರೂಮಿನ ಬಾಗಿಲಲ್ಲಿ ನಿಂತಳು. ಲತಾ ಲಿಫ್ಟಿನ ಹತ್ತಿರ ಕಾಯುತ್ತಿದ್ದಳು.

"ಒಳಗಡೆ ಕೇಳಿದ್ರೆ ಏನ್ ಹೇಳ್ಲಿ ಮೇಡಂ?"

ನಾನು ಕಂಪ್ಯೂಟರಿನಿಂದ ತಲೆಯೆತ್ತಲಿಲ್ಲ. "ಏನ್ ಹೇಳ್ಬೇಕು ಅಂತ ನಿಮಗೇ ಗೊತ್ತಲ್ಲ" ಎಂದೆ.

ಸ್ವಂತ ಇಚ್ಛೆಯಿಂದ ಕೊಡುತ್ತಿದ್ದೇನೆ ಎಂದು ಆಕೆ ಕ್ಯಾಮೆರಾ ಮುಂದೆ ಹೇಳಿದಳಂತೆ. ಆಪರೇಷನ್ ಚೆನ್ನಾಗಿಯೇ ಆಯಿತು. ಮೂರು ತಿಂಗಳ ಮೇಲೆ ನಾಗರಾಜ ತಾನೇ ನಡೆದುಕೊಂಡು ಬಂದು ನನಗೆ ಮೈಸೂರುಪಾಕಿನ ಡಬ್ಬ ಕೊಟ್ಟ. ಒಳ್ಳೆಯ ಮನುಷ್ಯ. "ನಾನ್ ಬಾಯಿ ಬಿಟ್ಟು ಕೇಳ್ಲೇ ಇಲ್ಲ ಮೇಡಂ. ಅಕ್ಕ ತಾನಾಗೇ ಮುಂದೆ ಬಂದ್ಲು" ಎಂದ. ಅವನು ಅದನ್ನು ಪೂರ್ತಿ ನಂಬಿದ್ದ. ನಾನು ಡಬ್ಬ ತೆಗೆದುಕೊಂಡು ಥ್ಯಾಂಕ್ಸ್ ಹೇಳಿದೆ.

ನಾನು ರಿಟೈರ್ ಆಗುವ ತಿಂಗಳಲ್ಲಿ ಜಯಮ್ಮ ಮತ್ತೆ ಬಂದಳು. ಈ ಸಲ ಒಬ್ಬಳೇ. ಯಂತ್ರ ಎಂಬತ್ತನಾಲ್ಕು ತೋರಿಸಿತು. ಬಿಪಿ ಏರಿತ್ತು. ಒಂದೇ ಕಿಡ್ನಿ ಇರುವವರು ತೂಕ, ಬಿಪಿ, ಸಕ್ಕರೆ ಮೂರನ್ನೂ ಜೀವನಪೂರ್ತಿ ಹಿಡಿತದಲ್ಲಿ ಇಟ್ಟುಕೊಳ್ಳಬೇಕು. ಇಲ್ಲದಿದ್ದರೆ ಉಳಿದಿರುವ ಒಂದೂ ಕೆಡುತ್ತದೆ. ಡಾಕ್ಟರು ಅದಕ್ಕೇ ಕಳಿಸಿದ್ದರು. ಬೈಯಲು ನನಗೆ ನಾಲಿಗೆ ಏಳಲಿಲ್ಲ.

"ಈಗ ಬೇರೆ ಯಾರಿಗೋಸ್ಕರಾನೂ ಅಲ್ಲ ಜಯಮ್ಮ, ನಿಮಗೋಸ್ಕರ ಇಳಿಸ್ಬೇಕು" ಎಂದೆ.

ಆಕೆಯ ದನಿಯಲ್ಲಿ ಕೊಂಕು ಇರಲಿಲ್ಲ, ಸಿಟ್ಟೂ ಇರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿರುವವರ ಬಳಿ ಕೇಳುವ ಹಾಗೆ ಕೇಳಿದಳು. "ತಮ್ಮನಿಗೋಸ್ಕರ ಇಳಿಸೋದು ನೀವು ಹೇಳ್ಕೊಟ್ರಿ, ಇಳಿಸ್ದೆ. ನನಗೋಸ್ಕರ ಅಂದ್ರೆ ಹೇಗೆ ಮೇಡಂ? ಅದು ನಂಗೆ ಬರಲ್ಲ."

ಮೂವತ್ತು ವರ್ಷದಲ್ಲಿ ನಾನು ಹೆದರಿಸಿ ಇಳಿಸಿದ್ದೇನೆ, ಅವಮಾನ ಮಾಡಿ ಇಳಿಸಿದ್ದೇನೆ, ಮಗಳ ಮದುವೆಯ ನೆಪ ಹೇಳಿ ಇಳಿಸಿದ್ದೇನೆ. ಇದು ನಿಮಗೆ ಬೇಕಾ ಎಂದು ಬಾಗಿಲು ಮುಚ್ಚಿ ಒಬ್ಬರನ್ನೂ ಕೇಳಿರಲಿಲ್ಲ. ಆ ಪ್ರಶ್ನೆ ಮೊದಲ ದಿನವೇ ಕೇಳಬೇಕಾದದ್ದು, ತೂಕ ನೋಡುವುದಕ್ಕೂ ಮುಂಚೆ. ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ, ಅದೂ ಕೆಲಸ ಮುಗಿಯುವ ಹೊತ್ತಿಗೆ. ಅವತ್ತು ಜಯಮ್ಮನಿಗೆ ಹಳೇ ಊಟದ ಪಟ್ಟಿಯನ್ನೇ ಇನ್ನೊಂದು ಪ್ರತಿ ತೆಗೆದು ಕೊಟ್ಟು, ಮುಂದಿನ ಶನಿವಾರ ಬನ್ನಿ ಎಂದೆ. ಆಕೆ ಬರಲಿಲ್ಲ. ಫೋನ್ ಮಾಡಿದರೆ ಲತಾ ಎತ್ತಿದಳು. "ನಮ್ಮತ್ತಿಗೆ ಚೆನ್ನಾಗಿದಾರೆ ಮೇಡಂ, ತಿನ್ಲಿ ಬಿಡಿ" ಎಂದಳು. "ಈಗ ಅವರ ತೂಕ ಕಟ್ಕೊಂಡು ಯಾರಿಗೇನಾಗ್ಬೇಕು?"