ಬೀಸುಕಲ್ಲಿನ ಕೆಳಗಿನ ಎಲೆಗಳು

ನಾನು ಪಾಠ ಹೇಳುವ ಭಾಲ್ಕಿಯ ಕಾಲೇಜಿನ ಕಪಾಟು ತೆರೆದೆ. ಡಾಂಬರ್ ಗುಳಿಗೆಯ ವಾಸನೆ ಮುಖಕ್ಕೆ ಬಡಿಯಿತು. ಒಣ ಎಲೆಗಳಿಗೆ ಹುಳು ಹತ್ತದಿರಲೆಂದು ಇಡುವ ಬಿಳಿ ಗುಳಿಗೆ. ಅಷ್ಟೇ ಸಾಕಾಯಿತು... ಬೀದರಿನ ಮೈಲೂರಿನ ಆ ಮನೆ, ನಾನು ಓದುವಾಗಿನ ನಮ್ಮ ಬಾಟನಿ ಮೇಡಂ, ಎಲ್ಲ ಕಣ್ಮುಂದೆ ಬಂದವು.

ಭಾನುವಾರ ಚರ್ಚಿನಿಂದ ಬಂದವರೇ ಮೇಡಂ ಸೀರೆ ಕೂಡ ಬದಲಿಸದೆ ಬೀಸುಕಲ್ಲು ಸರಿಸುತ್ತಿದ್ದರು. ಅದರ ಕೆಳಗೆ, ಹಳೆಯ ಪೇಪರಿನ ಮಡಿಕೆಗಳಲ್ಲಿ, ಒಣಗಲು ಇಟ್ಟ ಎಲೆಗಳು. ತೇವದ ಪೇಪರ್ ಬದಲಿಸುವ ಮೊದಲು ನಾವು ಹುಡುಗಿಯರು ಒಂದೊಂದು ಎಲೆಯ ಲ್ಯಾಟಿನ್ ಹೆಸರನ್ನೂ ಗಟ್ಟಿಯಾಗಿ ಹೇಳಬೇಕು. ತಪ್ಪಿದರೆ ಚಹಾ ಇಲ್ಲ!

ನಾನೋ ಔರಾದ ಕಡೆಯ ಎಕಂಬಾ ಹಳ್ಳಿಯವಳು. ಮನೆಯಲ್ಲಿ ಮರಾಠಿ. ಕಾಲೇಜಿನಲ್ಲಿ ಬಾಯಿ ತೆರೆದರೆ ನನ್ನ ಮರಾಠಿ ಎಳೆತಕ್ಕೆ ಹುಡುಗಿಯರು ಕಿಸಕ್ಕೆನ್ನುತ್ತಿದ್ದರು, ಅದಕ್ಕೇ ಬಾಯಿ ಮುಚ್ಚಿಕೊಂಡಿದ್ದೆ. ಮೌಖಿಕ ಪರೀಕ್ಷೆಯಲ್ಲಿ ಆಗಲೇ ಫೇಲಾಗಿದ್ದೆ. ಇನ್ನೊಮ್ಮೆ ಫೇಲಾದರೆ ಗಂಟುಮೂಟೆ ಕಟ್ಟಿ ಊರಿಗೆ ಹೋಗುವುದೆಂದು ಮನಸ್ಸು ಮಾಡಿದ್ದೆ.

"ಲಾಂಗಸ್ ಅಂದ್ರ ಉದ್ದ, ಫೋಲಿಯಂ ಅಂದ್ರ ಎಲಿ. ಎರಡರದೂ ಬಾಲ ಕತ್ತರಸು, ನಡುವ ಒಂದು 'ಇ' ಹಾಕಿ ಹೊಲಿ. ಆಮ್ಯಾಗ?" ಎಂದು ಮೇಡಂ ಕೇಳುತ್ತಿದ್ದರು.

ಅಲ್ಲೇ ನಾವೆಲ್ಲ ಮುಗ್ಗರಿಸುತ್ತಿದ್ದೆವು. ಲ್ಯಾಟಿನ್ನಿನಲ್ಲಿ ಗಿಡದ ಹೆಸರು ಗಂಡೋ ಹೆಣ್ಣೋ ಎರಡೂ ಅಲ್ಲವೋ ನೋಡಿ ಪದದ ಕೊನೆಗೆ ಹೊಸ ಬಾಲ ಹಚ್ಚಬೇಕು. ಕನ್ನಡದಲ್ಲಿ 'ದೊಡ್ಡ' ಯಾರ ಮುಂದೆ ನಿಂತರೂ 'ದೊಡ್ಡ' ಎಂದೇ ಇರುತ್ತದೆ. ಹಾಗಾಗಿ ಎಲ್ಲ ಗಿಡಕ್ಕೂ ಒಂದೇ ಬಾಲ ಅಂಟಿಸಿ ಬರುತ್ತಿದ್ದೆವು.

"ನಿಮ್ಮವ್ವ ಮರಾಠಿಯಾಗ ದೊಡ್ಡ ಮಗನಿಗಿ ಏನಂತಾಳ?" ಮೇಡಂ ಒಮ್ಮೆ ಕೇಳಿದರು.

"ಮೋಠಾ ರೀ," ಎಂದೆ, ತಲೆ ತಗ್ಗಿಸಿ.

"ಮಗಳಿಗಿ?"

"ಮೋಠೀ."

"ಮನಿಗಿ?"

"ಮೋಠಂ..."

"ಹಂಗಾದ್ರ ಅಂಜೋದ್ಯಾಕ, ಹುಚ್ಚಿ? ಲಾಂಗಿಫೋಲಿಯಸ್, ಲಾಂಗಿಫೋಲಿಯಾ, ಲಾಂಗಿಫೋಲಿಯಂ. ನಗೋರಿಗಿ ಇದು ಹೊಸಾದು, ನಿನಗ ಮನಿ ಮಾತು. ಜೋರ್ಲೆ ಹೇಳು!"

ಅವತ್ತು ಎರಡು ಕಪ್ ಚಹಾ ಸಿಕ್ಕಿತು. ಪರೀಕ್ಷೆಯೂ ಪಾಸಾಯಿತು. ಆಮೇಲೆ ಊರಿಂದ ಬಂದ ಅವ್ವನ ಜೊತೆ ಬೀದರ ಬಸ್ ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಕೇಳುವಂತೆ ಮರಾಠಿ ಮಾತಾಡಿದೆ. ಅಬ್ಬಾ, ಎಷ್ಟು ಹಗುರಾಗಿತ್ತು ಜೀವ!

ಕಪಾಟಿನಿಂದ ಎಲೆ ತಂದು ಪಾಠ ಶುರು ಮಾಡಿದೆ. ಠಾಣಾ ಕುಶನೂರಿನ ಹುಡುಗಿಯೊಬ್ಬಳು ತುಟಿ ಬಿಚ್ಚದೆ ಕೂತಿದ್ದಳು. ಮನ್ಯಾಗ ಏನು ಮಾತಾಡ್ತೀರಿ ಎಂದು ಕೇಳಿದೆ.

"ಮರಾಠಿ ರೀ... ತಪ್ಪಾಯ್ತು, ಮೇಡಂ."

ಭಾನುವಾರ ಮನೆಗೆ ಬಾ ಎಂದೆ. ನಮ್ಮ ಬಾಟನಿ ಮೇಡಂ ತೀರಿಕೊಂಡ ಮೇಲೆ ಅವರ ಬೀಸುಕಲ್ಲು ನಮ್ಮ ಮನೆಗೆ ಬಂದಿದೆ. ಹುಡುಗಿ ಬಂದಳು, ಮೂರೂ ಬಾಲ ತಪ್ಪಿಲ್ಲದೆ ಹೇಳಿದಳು, ಚಹಾ ಕುಡಿದು ಹೋದಳು.

ಅವಳು ಹೋದ ಮೇಲೆ ಉಳಿದ ಎಲೆಗಳ ಹೆಸರನ್ನು ನಾನೊಬ್ಬಳೇ ಗಟ್ಟಿಯಾಗಿ ಹೇಳಿದೆ. ಎಲ್ಲವೂ ಸರಿಯಾಗಿದ್ದವು... ನನಗೆ ಚಹಾ ಕೊಡುವವರು ಯಾರೂ ಇರಲಿಲ್ಲ.