ದೇವಕ್ಕನ ಕರೆಂಟ್ ಒಲೆ

ಕರೆಂಟ್ ಒಲೆ ಉರಿಯುತ್ತಿರುವಷ್ಟು ಹೊತ್ತು ದೇವಕ್ಕ ಕುಳಿತದ್ದನ್ನು ನಾನು ನೋಡಿಲ್ಲ. ಜಗಲಿಯಲ್ಲಿ ಯಾರೊಡನೆಯೋ ಮಾತಾಡುತ್ತಲೇ ಎದ್ದು ಒಳಗೆ ಹೋಗುವರು, ಬರುವರು, ಬಿಟ್ಟ ಮಾತನ್ನು ಹಿಡಿಯುವಷ್ಟರಲ್ಲಿ ಮತ್ತೆ ಏಳುವರು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಐದಾರು ವರ್ಷವಾಗಿತ್ತು. ಸಿದ್ದಾಪುರದ ಶಾಲೆಗೆ ಹೊಸದಾಗಿ ಟೀಚರಾಗಿ ಹೋದ ನಾನು, ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಚಿಣ್ಣಪ್ಪನವರ ಮನೆಯ ಹಿಂದಿನ ಕೋಣೆಯಲ್ಲಿದ್ದೆ. ದೇವಕ್ಕ ಅವರ ಹೆಂಡತಿ. ಅಡುಗೆಮನೆಯ ಕಟ್ಟೆಯ ಮೇಲೆ ಆ ಒಲೆ. ಮಣ್ಣಿನ ಬಿಲ್ಲೆಯ ಗೀರುಗಳೊಳಗೆ ಕೆಂಪಗೆ ಕಾಯುವ ಬರಿಯ ಸುರುಳಿ ತಂತಿ. ಮೊದಲ ದಿನವೇ ನನಗೆ ಪಾಠವಾಯಿತು.

"ಒದ್ದೆ ಕೈಲಿ ಮುಟ್ಲಿಕ್ಕಿಲ್ಲ ಟೀಚರೇ. ಹಲಗೆ ಮೇಲೆ ನಿಲ್ಲಿ. ಪಾತ್ರೆ ಇಡೂದಾದ್ರೂ ತೆಗೆಯೂದಾದ್ರೂ ಮೊದ್ಲು ಪ್ಲಗ್ಗು ಕೀಳ್ಬೇಕು. ಬರೀ ಸ್ವಿಚ್ಚು ನಂಬೂದು ಬೇಡ."

ಒಮ್ಮೆ ಅಮ್ಮತ್ತಿಯಲ್ಲಿ ನೆಂಟರ ಮದುವೆಯೂಟಕ್ಕೆ ಕೂತ ದೇವಕ್ಕ, ಎಲೆಗೆ ಅನ್ನ ಬಿದ್ದ ಮೇಲೆ, ಪ್ಲಗ್ಗು ಕಿತ್ತೆನೋ ಇಲ್ಲವೋ ಎಂದು ಎದ್ದು ಬಸ್ಸು ಹಿಡಿದು ಮನೆಗೆ ಬಂದುಬಿಟ್ಟರು. ಪ್ಲಗ್ಗು ಕಿತ್ತೇ ಇತ್ತು. ನೆಂಟರು ವಾರಗಟ್ಟಲೆ ನಕ್ಕರು.

ಆ ನಗುವಿನ ಹಿಂದೆ ಇನ್ನೊಂದು ಮಾತಿತ್ತು. ಚಿಣ್ಣಪ್ಪನವರ ಬಲಗೈ ಮಣಿಕಟ್ಟು ಸೊಟ್ಟಗಾಗಿತ್ತು. ಹೆಂಡತಿಯೇ ಬಡಿದು ಮುರಿದದ್ದಂತೆ ಎಂದು ಕೂಲಿಯವರ ಲೈನುಮನೆಗಳಲ್ಲೂ ಶಾಲೆಯಲ್ಲೂ ಹೇಳುತ್ತಿದ್ದರು. ಗಂಡ ಹೆಂಡತಿ ಇಬ್ಬರಿಗೂ ಅದು ಗೊತ್ತಿತ್ತು. ಇಬ್ಬರೂ ಬಾಯಿ ಬಿಡಲಿಲ್ಲ. ನಾನೂ ನಂಬಿದ್ದೆ.

ಒಂದು ಬೆಳಿಗ್ಗೆ ಶಾಲೆಗೆ ಹೊರಡುವ ಅವಸರದಲ್ಲಿ ಹಾಲು ಉಕ್ಕಿತು. ಒದ್ದೆ ಕೈಯಲ್ಲೇ ಸ್ಟೀಲು ಸೌಟು ಹಿಡಿದು ಪಾತ್ರೆ ಸರಿಸಲು ಹೋದೆ. ಕರೆಂಟು ಹೊಡೆದು ಕೈ ಅಲ್ಲೇ ಕಚ್ಚಿಕೊಂಡಿತು. ಬಿಡಲಾಗದು, ಕೂಗಲಾಗದು. ಮರುಕ್ಷಣ ಮಣಿಕಟ್ಟಿನ ಮೇಲೆ ಏಟು ಬಿದ್ದು ನಾನು ಗೋಡೆಗೆ ಒರಗಿ ಕುಸಿದೆ. ದೇವಕ್ಕ ಒಣ ಸೌದೆ ಹಿಡಿದು ನಿಂತಿದ್ದರು. ಪ್ಲಗ್ಗಿನ ಮೇಲೂ ಹಾಲು ಹರಿದು, ಅದನ್ನು ಕೀಳುವಂತಿರಲಿಲ್ಲ.

"ನಮ್ಮವರಿಗೂ ಹೀಗೇ ಹೊಡ್ದದ್ದು," ಎಂದರು.

ಸಂಜೆ ಊದಿದ ನನ್ನ ಕೈ ನೋಡಲು ನೆರೆಯವರು ಬಂದರು. "ಟೀಚರಿಗೂ ಬಿತ್ತಾ?" ಎಂದು ಒಬ್ಬಾಕೆ ನಕ್ಕಳು. ನಾನು ಹೇಳಹೊರಟಾಗ ಚಿಣ್ಣಪ್ಪನವರೇ ಎದ್ದು ನಿಂತರು.

"ಸ್ನಾನ ಮಾಡಿ ಬಂದು ಒದ್ದೆ ಕೈಲಿ ಒಲೆ ಮುಟ್ಟಿದವ ನಾನು. ಇವ್ಳು ಹೊಡೀದಿದ್ರೆ ಇವತ್ತು ನಾನಿಲ್ಲ. ಹೇಳ್ಲಿಕ್ಕೆ ನಾಚಿಕೆ ಆಯ್ತು."

"ನಾಲ್ಕು ವರ್ಷ ಆಯ್ತು ನಿಮ್ಮ ನಾಚಿಕೆಗೆ," ಎಂದು ದೇವಕ್ಕ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಚಿಣ್ಣಪ್ಪನವರು ಹೊರಗೆ ನಿಂತು ಎರಡು ಸಲ ಕರೆದರು. ಕತ್ತಲಾಗುವವರೆಗೆ ಬಾಗಿಲು ತೆರೆಯಲಿಲ್ಲ.

ಮರುವರ್ಷ ನನಗೆ ಕುಶಾಲನಗರದ ಕಡೆಗೆ ವರ್ಗವಾಯಿತು. ಬಸ್ಸಿನವರೆಗೆ ದೇವಕ್ಕ ಬಂದಿದ್ದರು. ನಾನು ಅವರನ್ನು ನೋಡಿದ್ದು ಅದೇ ಕೊನೆ. ಕಿಟಕಿಯ ಸರಳು ಹಿಡಿದು ಹೇಳಿದರು:

"ಈಗ ಜನ ಎಂತ ಹೇಳ್ತಾರೆ ಗೊತ್ತುಂಟಾ? ದೇವಕ್ಕ ಗಂಡನ ಜೀವ ಉಳಿಸಿದ್ಲು ಅಂತ. ಯಾರಾದ್ರೂ ಹಾಗೆ ಹೇಳಿದ್ರೆ, ಬೇರೆ ಯಾರ ಬಗ್ಗೆಯೋ ಹೇಳ್ತಿದ್ದಾರೆ ಅಂತ ನಾನು ಹಿಂದೆ ತಿರುಗಿ ನೋಡ್ತೇನೆ."