ಗದ್ದೆ ಬೇಕು ಎಂದದ್ದು

ನನ್ನ ಮಗಳ ಮಗಳು ನರ್ಸ್ ಓದು ಮುಗಿಸಿ ಜಪಾನಿಗೆ ಹೋಗುತ್ತೇನೆ ಎಂದಳು. ಅಲ್ಲಿ ಮುದುಕರು ಜಾಸ್ತಿಯಂತೆ, ನೋಡಿಕೊಳ್ಳುವವರು ಕಡಿಮೆಯಂತೆ. ಮೊದಲು ಅವರ ಭಾಷೆ ಕಲಿತು ಪರೀಕ್ಷೆ ಪಾಸು ಮಾಡಬೇಕು. ಪಾಠವೆಲ್ಲ ಫೋನಿನಲ್ಲಿ. ಹೋದ ವರ್ಷ ಹೊಗೆಸೊಪ್ಪು ಕಟ್ಟುವ ಕಾಲದಲ್ಲಿ ಪಿರಿಯಾಪಟ್ಟಣದ ಹತ್ತಿರದ ನಮ್ಮೂರಿಗೆ ಬಂದಿದ್ದಳು. ಸೊಪ್ಪು ಬೇಯಿಸುವ ಬ್ಯಾರನ್ ಮುಂದೆ ಹೆಂಗಸರೆಲ್ಲ ಕುಳಿತು ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದೆವು. ಅವಳು ಮಕ್ಕರಿ ಬೋರಲು ಹಾಕಿ, ಅದರ ಮೇಲೆ ಫೋನು ನಿಲ್ಲಿಸಿ, ನನ್ನ ಪಕ್ಕ ಕುಳಿತಳು. ಬೇಕು ಎಂದು ಹೇಳುವುದು ಹೇಗೆ ಎನ್ನುವುದು ಆವತ್ತಿನ ಪಾಠ.

"ಅಜ್ಜಿ, ನೀನು ಪೇಸೆಂಟು. ನಾನು ನೋಡ್ಕೊಳೋಳು. ನಿಂಗೇನ್ ಬೇಕು ಯೋಳು."

"ನಂಗೇನೂ ಬ್ಯಾಡ."

"ಅಂಗಂದ್ರೆ ನಾನ್ ಎಂಗ್ ಕಲೀಲಿ? ಏನಾರ ಬೇಕು ಅನ್ನು."

"ಸೊಪ್ಪು ಕಟ್ಟೋ ಕೈ ಬೇಕು. ನಿನ್ ಕೈ ನಿಂತೋಗದೆ."

ಬಿಡಲಿಲ್ಲ ಅವಳು. ನೀರು ಬೇಕಾದರೆ "ಮಿಜು ಗಾ ಹೊಶೀ ದೆಸ್". ಹೋಗಬೇಕು ಅನ್ನಿಸಿದರೆ "ಇಕಿತಾಯ್". ತಿನ್ನಬೇಕು ಅನ್ನಿಸಿದರೆ "ತಾಬೆತಾಯ್". ಸಂಜೆಯೊಳಗೆ ನನಗೂ ಬಂತು. ಸೊಪ್ಪು ಕಟ್ಟುವವರಿಗೆ ಮಜ.

"ಅಜ್ಜಿ ಜಪಾನ್‌ಗೆ ಒಂಟದೆ, ಒಂದು ಗಂಡು ನೋಡ್ರಮ್ಮಿ!"

"ನೋಡಿ. ಅಲ್ಲಿರೋನ್ನೇ ನೋಡಿ, ಹಲ್ಲಿರೋನ್ನ," ಎಂದೆ.

ಆಮೇಲೆ ಇನ್ನೊಂದು ವಿಷಯ ಹೇಳಿದಳು. ಆ ಭಾಷೆಯಲ್ಲಿ ನನಗೆ ಬೇಕು ಎಂದು ನಾನು ಹೇಳಬಹುದು. ಇನ್ನೊಬ್ಬರಿಗೆ ಇದು ಬೇಕು, ಇದು ಬೇಡ ಎಂದು ನಾವು ಖಡಾಖಂಡಿತವಾಗಿ ಹೇಳುವ ಹಾಗಿಲ್ಲವಂತೆ. ಬೇಕೇನೋ ಅನ್ನುವ ಹಾಗೆ ಕಾಣುತ್ತದೆ ಎನ್ನಬೇಕಂತೆ. ನನಗೆ ಸತ್ತ ಅತ್ತೆಯ ನೆನಪಾಯಿತು. "ನಮ್ ಸೊಸೆಗೆ ಬಾಡು ಸೇರಕಿಲ್ಲ" ಎಂದು ಬಂದವರಿಗೆಲ್ಲ ಹೇಳಿ ಹೇಳಿ, ನನ್ನ ತಟ್ಟೆಗೆ ಬರೀ ಸಾರು ಬಿಡುತ್ತಿದ್ದಳು. ನನಗೆ ಬಾಡು ಸೇರುತ್ತಿತ್ತು. ಈಗಲೂ ಸೇರುತ್ತದೆ.

ಆ ವಾರವೇ ಚುಂಚನಕಟ್ಟೆ ಕಡೆಯಿಂದ ನನ್ನ ತಮ್ಮ ಮತ್ತು ಅವನ ಹೆಂಡತಿ ಸೀರೆ, ಹೂವು, ಹಣ್ಣು ಹಿಡಿದು ಬಂದರು. ಅಲ್ಲಿ ನಾಲೆ ಬಯಲಿನ ಗದ್ದೆ ಇನ್ನೂ ನಮ್ಮಪ್ಪನ ಹೆಸರಿನಲ್ಲೇ ಇತ್ತು. ನನ್ನ ಭಾಗ ಬೇಡ ಎಂದು ನಾನು ಹೆಬ್ಬೆಟ್ಟು ಒತ್ತಿದರೆ ಪೂರಾ ತಮ್ಮನಿಗೆ. ನಮ್ಮ ಕಡೆ ಹೆಣ್ಣುಮಕ್ಕಳನ್ನು ಹಕ್ಕು ಬಿಡಿಸಲು ಕರೆಯುವುದು ಹಬ್ಬಕ್ಕೆ ಕರೆದ ಹಾಗೆಯೇ. ಸೀರೆ ಕೊಡುತ್ತಾರೆ, ಒತ್ತಿಸಿಕೊಳ್ಳುತ್ತಾರೆ, ಊಟ ಹಾಕಿಸಿ ಬಸ್ಸು ಹತ್ತಿಸುತ್ತಾರೆ. ನನ್ನ ತಾಯಿ ಒತ್ತಿದ್ದಳು, ಅತ್ತೆಯೂ ಒತ್ತಿದ್ದಳು. ತಮ್ಮ ಕಾಫಿ ಕುಡಿದು, ಸೋಮವಾರ ಕೆ.ಆರ್. ನಗರಕ್ಕೆ ಬಾ ಎಂದು ಹೇಳಿ ಹೋದ. ನಾನು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಹೂಂ ಅಂದೆ ಎಂದೇ ಅವರು ತಿಳಿದರು.

ಮಾರನೆ ದಿನ ಸೊಪ್ಪು ಕಟ್ಟುವಾಗ ಹುಡುಗಿ ಮತ್ತೆ ಶುರು ಮಾಡಿದಳು.

"ನೀರು, ಊಟ ಎಲ್ಲಾ ಆಯ್ತು ಅಜ್ಜಿ. ನಿಜ್ವಾಗ್ಲೂ ಏನ್ ಬೇಕು ಯೋಳು."

"ಗದ್ದೆ," ಎಂದೆ.

ನನ್ನ ಬಾಯಿಂದ ಅದು ಬಂದದ್ದು ಅದೇ ಮೊದಲು. ಅವಳ ಕೈ ನಿಂತಿತು.

"ಗದ್ದೆಗೆ ಜಪಾನಲ್ಲಿ ಏನಂತಾರೋ ನಂಗ್ ಗೊತ್ತಿಲ್ಲ ಕಣಜ್ಜಿ."

"ಜಪಾನಲ್ಲಿ ಯಾಕೆ? ಕೇಆರ್ ನಗರದಲ್ಲಿ ಯೋಳ್ಬೇಕಾಗಿರಾದು."

ಸೋಮವಾರ ಹೋದೆ. ಅವರು ತಂದ ಸೀರೆಯನ್ನೇ ಉಟ್ಟಿದ್ದೆ, ಒಳ್ಳೆಯ ಸೀರೆ. ರಿಜಿಸ್ಟ್ರಾರ್ ಕಚೇರಿಯಲ್ಲಿ ಸಾಹೇಬರು ಕಾಗದ ನೋಡಿ, ನನ್ನನ್ನು ನೋಡಿ ಕೇಳಿದರು.

"ನಿಮ್ಮ ಭಾಗ ಬೇಡ ಅಂತ ಬರ್ಕೊಡ್ತಿದ್ದೀರಾ ಅಮ್ಮ? ನಿಮ್ಮ ಇಷ್ಟದಿಂದ ತಾನೇ?"

ತಮ್ಮ ಮುಂದೆ ಬಂದ. "ಊಂ ಸಾ. ನಮ್ಮಕ್ಕಂಗೆ ಏನೂ ಬ್ಯಾಡ. ಚೆನ್ನಾಗವ್ರೆ."

"ನಿಮ್ಮನ್ನ ಕೇಳಿಲ್ಲ."

"ಬೇಕು ಸೋಮಿ," ಎಂದೆ. "ನನ್ ಭಾಗ ನಂಗೆ ಬೇಕು. ನಾನು ಒತ್ತಕಿಲ್ಲ."

ತಮ್ಮನ ಹೆಂಡತಿ ನನ್ನ ತೋಳು ಹಿಡಿದಳು. "ಅತ್ಗೆ, ಮರ್ತೋಯ್ತಾ? ಮಾತಾಡ್ಕಂಡಿದ್ವಲ್ಲ."

"ನೀವು ಮಾತಾಡುದ್ರಿ. ನಾನು ಕೂತಿದ್ದೆ."

"ಈ ವಯಸ್ನಲ್ಲಿ ಗದ್ದೆ ತಕ್ಕಂಡು ಏನ್ ಮಾಡೀರಿ? ಸಾಯೋವಾಗ ಒತ್ಕಂಡೋದೀರಾ?"

"ನಿನ್ ಗಂಡ ಒತ್ಕಂಡೋಯ್ತನಾ?"

ಸಾಹೇಬರು ಕಾಗದ ಪಕ್ಕಕ್ಕೆ ಸರಿಸಿ ಮುಂದಿನವರನ್ನು ಕರೆದರು. ಅಷ್ಟೇ, ಆಯಿತು. ಇಷ್ಟು ಸುಲಭ ಎಂದು ಗೊತ್ತಿದ್ದರೆ ನಮ್ಮ ತಾಯಿಗೂ ಹೇಳಿಕೊಡುತ್ತಿದ್ದೆ.

ಹೊರಗೆ ಬಂದ ಮೇಲೆ ಸುಲಭ ಇರಲಿಲ್ಲ. ನಾವು ಕೊಟ್ಟ ಸೀರೆ ಉಟ್ಟುಕೊಂಡೇ ಹೀಗೆ ಮಾಡಿದಿರಲ್ಲ ಎಂದು ತಮ್ಮನ ಹೆಂಡತಿ ಜನರ ಮುಂದೆ ಕೂಗಿದಳು. "ಇಲ್ಲೇ ಬಿಚ್ಕೊಡ್ಲಾ?" ಎಂದು ಸೆರಗಿಗೆ ಕೈ ಹಾಕಿದೆ. ಅವಳು ಹಿಂದೆ ಸರಿದಳು. ತಮ್ಮ ಕೂಗಲಿಲ್ಲ, ಅದೇ ಕಷ್ಟವಾಗಿದ್ದು. ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು.

"ಇನ್ ತವರಿನ ಬಾಗ್ಲು ಮುಚ್ತು ಅಂತ ತಿಳ್ಕೊ ಅಕ್ಕ."

"ಮುಚ್ಚು. ಗದ್ದೆಗೆ ಬಾಗ್ಲಿಲ್ಲ."

ಊಟ ಹಾಕಿಸಲಿಲ್ಲ. ಬಸ್‌ಸ್ಟ್ಯಾಂಡ್ ಹತ್ತಿರ ನಾನೇ ಬಿರಿಯಾನಿ ತಿಂದು ಬಸ್ಸು ಹತ್ತಿದೆ.

ಮಗ, ಸೊಸೆ, ಬೀದಿಯವರು ಎಲ್ಲರೂ ಕೇಳುತ್ತಾರೆ, ಯಾಕೆ ಬೇಕಿತ್ತು ಎಂದು. ಕಾರಣ ಹೇಳಿದರೆ ಅದು ಸರಿಯೋ ತಪ್ಪೋ ಎಂದು ಕೂತು ಪಂಚಾಯ್ತಿ ಮಾಡುತ್ತಾರೆ. ತಮ್ಮನನ್ನು ಯಾರೂ ಕಾರಣ ಕೇಳಿಲ್ಲ. ನನಗೆ ಬೇಕು, ಅಷ್ಟೆ.

ಭಾಗ ಇನ್ನೂ ಆಗಿಲ್ಲ. ಅಳೆಯುವವರು ಒಮ್ಮೆ ಬಂದು ಹೋದರು. ತಮ್ಮನ ಮನೆಯಿಂದ ಗೌರಿ ಹಬ್ಬಕ್ಕೆ ಕರೆಯಲಿಲ್ಲ, ಫೋನೂ ಇಲ್ಲ. ಈ ವರ್ಷ ನಾಲೆಗೆ ನೀರು ಬಿಟ್ಟರು ಎಂದು ಗೊತ್ತಾಯಿತು. ನಾಟಿ ದಿನ ಯಾರೂ ಕರೆಯದಿದ್ದರೂ ಬಸ್ಸು ಹತ್ತಿ ಹೋದೆ. ಸೀರೆ ಎತ್ತಿ ಕಟ್ಟಿ ಕೆಸರಿಗೆ ಇಳಿದೆ. ನಾಟಿ ಹಾಕುವ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಸ್ವಲ್ಪ ಸರಿದು ಜಾಗ ಬಿಟ್ಟರು. ಒಬ್ಬಳು ಪೈರಿನ ಕಟ್ಟು ಎಸೆದಳು. ನಾನು ಬಗ್ಗಿ ನೆಡಲು ಶುರು ಮಾಡಿದೆ. ತಮ್ಮ ಬದುವಿನ ಮೇಲೆ ನಿಂತು ನೋಡುತ್ತಿದ್ದ. ಮೇಲೆ ಬಾ ಎನ್ನಲಿಲ್ಲ. ಅಂದಿದ್ದರೂ ಬರುತ್ತಿರಲಿಲ್ಲ.